ಕೆಮಿಸ್ಟ್ರಿ ಸಾರ್ ಕೆಲಸ ಹುಡುಕಿದ್ದು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಅವರ ಹೆಸರು, ಫೋಟೊ ಎರಡನ್ನೂ ಊರಿಗೆಲ್ಲ ಕಾಣುವಂತೆ ಹಾಕಿದವಳು ನಾನೇ. ಅದೊಂದು ಸಾಕು. ಕಾಲೇಜಿನಲ್ಲಿ ನಾವೆಲ್ಲ ಅವರನ್ನು ಕೆಮಿಸ್ಟ್ರಿ ಸಾರ್ ಎನ್ನುತ್ತಿದ್ದೆವು.

ಹೋದ ತಿಂಗಳು ಅವರು ಕೆ.ಆರ್. ನಗರದ ಕಡೆಯ ಒಂದು ಶಾಲೆಯಿಂದ ನಿವೃತ್ತರಾದರಂತೆ. ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ಮಕ್ಕಳ ನಡುವೆ ನಿಂತಿದ್ದ ಫೋಟೊ ಯಾರದೋ ಮೂಲಕ ನನ್ನ ಫೋನಿಗೆ ಬಂತು. ನನಗೆ ಕರೆ ಬಂದಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಫೋಟೊ ದೊಡ್ಡದು ಮಾಡಿ ಅವರ ಬಲಗೈ ಬೆರಳುಗಳನ್ನು ನೋಡಿದೆ. ತುದಿಯಲ್ಲಿ ಕಪ್ಪು ಕಲೆ ಇನ್ನೂ ಇತ್ತು. ಸಿಲ್ವರ್ ನೈಟ್ರೇಟಿನ ಕಲೆ ಅದು, ಲ್ಯಾಬಿನಲ್ಲಿ ಹತ್ತಿದ್ದು. ಚುನಾವಣೆಯ ಶಾಯಿಯಲ್ಲೂ ಇರುವುದು ಅದೇ ಎಂದು ನನಗೆ ಹೇಳಿಕೊಟ್ಟವರೂ ಅವರೇ. "ನಾನು ವಾರಕ್ಕೊಂದ್ಸಲ ವೋಟ್ ಆಕ್ತೀನಿ ಮೇಡಂ. ಯಾರೂ ಗೆಲ್ಲಲ್ಲ ಅಷ್ಟೆ," ಎನ್ನುತ್ತಿದ್ದರು.

ನಮ್ಮದು ರಾಜೀವನಗರದಾಚೆಯ ಒಂದು ಖಾಸಗಿ ಪಿಯು ಕಾಲೇಜು. ಕಲ್ಯಾಣಮಂಟಪಕ್ಕೆಂದು ಕಟ್ಟಲು ಶುರುಮಾಡಿ ಕಾಲೇಜಾದ ಕಟ್ಟಡ. ಅಡಿಗೆಮನೆ ಆಗಬೇಕಿದ್ದ ಜಾಗದಲ್ಲಿ ಕೆಮಿಸ್ಟ್ರಿ ಲ್ಯಾಬ್. ನೀರು ಹರಿದುಹೋಗುವ ವ್ಯವಸ್ಥೆ ಮಾತ್ರ ಅಲ್ಲಿ ಬಲು ಚೆನ್ನಾಗಿತ್ತು. ನಾನು ಕನ್ನಡ ಉಪನ್ಯಾಸಕಿಯಾಗಿ ಸೇರುವ ಹೊತ್ತಿಗೆ ಸಾರ್ ಅಲ್ಲಿ ಹದಿಮೂರು ವರ್ಷ ಪಾಠ ಮಾಡಿದ್ದರು. ನಂಜನಗೂಡಿನ ಹತ್ತಿರದ ಹಳ್ಳಿಯೊಂದರ ಬೇಸಾಯದ ಮನೆಯವರು, ಅವರ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ತರಗತಿಯಲ್ಲಿ ಅಚ್ಚುಕಟ್ಟಾಗಿ ಉಚ್ಚರಿಸುತ್ತಿದ್ದ ಹಕಾರ ಸ್ಟಾಫ್ ರೂಮಿಗೆ ಬಂದು ಕೋಟು ಬಿಚ್ಚಿದೊಡನೆ ಮಾಯವಾಗುತ್ತಿತ್ತು.

ಸೇರಿದ ದಿನ ನಮ್ಮೆಲ್ಲರ ಮೂಲ ಅಂಕಪಟ್ಟಿಗಳನ್ನೂ ಕಾಲೇಜಿನ ಸೆಕ್ರೆಟರಿ ತೆಗೆದುಕೊಂಡಿದ್ದರು. ಪರಿಶೀಲನೆಗೆ ಎಂದಿದ್ದರು. ಪರಿಶೀಲನೆ ಮುಗಿಯಲೇ ಇಲ್ಲ. ಎಸ್ಸೆಸ್ಸೆಲ್ಸಿಯಿಂದ ಎಂ.ಎಸ್ಸಿ, ಎಂ.ಎ.ವರೆಗಿನ ನಮ್ಮೆಲ್ಲರ ಕಾಗದಗಳು ಅವರ ಕುರ್ಚಿಯ ಹಿಂದಿನ ಕಬ್ಬಿಣದ ಬೀರುವಿನಲ್ಲಿ, ಒಬ್ಬೊಬ್ಬರದು ಒಂದೊಂದು ಕಂದು ಲಕೋಟೆಯಲ್ಲಿ ಇದ್ದವು. ರಜೆ ಕೇಳಲು ಹೋದಾಗ ಆ ಬೀರುವನ್ನು ನೋಡುತ್ತಲೇ ಮಾತಾಡಬೇಕಿತ್ತು. ರಜೆ ಕೇಳುವವರ ದನಿ ಅಲ್ಲಿ ತಾನಾಗಿಯೇ ತಗ್ಗುತ್ತಿತ್ತು.

ಸಾರ್ ಎಷ್ಟೋ ವರ್ಷ ಇದನ್ನು ಸಹಿಸಿದರು. ಬೇಸಿಗೆಯಲ್ಲಿ ದಾಖಲಾತಿಗಾಗಿ ಮನೆಮನೆ ತಿರುಗು ಎಂದರೆ ತಿರುಗಿದರು. ಉದಯಗಿರಿಯ ಬೀದಿಗಳಲ್ಲಿ ಕರಪತ್ರ ಹಿಡಿದು ನಿಂತಾಗ ಹಳೆಯ ವಿದ್ಯಾರ್ಥಿಗಳು ಗ್ಯಾರೇಜಿನೊಳಗಿಂದ ಎದ್ದು ಬಂದು, ಎಣ್ಣೆ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡು ಟೀ ತರಿಸಿಕೊಟ್ಟರೆ ಕುಡಿದರು. ಅವರನ್ನು ಅಲ್ಲಾಡಿಸಿದ್ದು ಒಂದು ರೀಲ್ಸ್.

ಆ ವರ್ಷ ಸೆಕ್ರೆಟರಿಗೆ ಯಾರೋ ಹೇಳಿದ್ದರು, ಈಗಿನ ಮಕ್ಕಳು ಕಾಲೇಜು ಆರಿಸುವುದು ಫೋನಿನಲ್ಲಿ ಎಂದು. ಕಾಲೇಜಿನ ಹೆಸರಲ್ಲಿ ಸಾಮಾಜಿಕ ಜಾಲತಾಣದ ಪುಟ ಶುರುವಾಯಿತು. ಭಾಷೆಯವರು ಎಂದು ಅದಕ್ಕೆ ಬರೆಯುವ ಕೆಲಸ ನನಗೆ ಬಿತ್ತು. ಸಾರ್ ಅವರಿಗೆ ಕೆಂಪು ಕನ್ನಡಕ ತೊಡಿಸಿ, ಕೈಗೆ ಬಣ್ಣದ ನೀರಿನ ಎರಡು ಫ್ಲಾಸ್ಕು ಕೊಟ್ಟು, ಒಂದು ಹಾಡು ಹಾಕಿ ಸೊಂಟ ಕುಣಿಸಲು ಸೆಕ್ರೆಟರಿ ಹೇಳಿದರು. ಅವರು ಒಮ್ಮೆಗೇ ಮಾಡಿ ಮುಗಿಸಿದರು. ಅದರ ಕೆಳಗೆ 'ಕೆಮಿಸ್ಟ್ರಿ ಅಂದ್ರೆ ಮಸ್ತಿ' ಎಂದು ಬರೆದವಳು ನಾನು. ತುಂಬ ಜನ ನೋಡಿದರು. ಅವರ ಮಗಳೂ ನೋಡಿದಳಂತೆ. ಫೋನು ಮಗುಚಿಟ್ಟು ಅನ್ನ ಬಡಿಸಿದಳಂತೆ.

ಮರುದಿನ ಲೈಬ್ರರಿಯಲ್ಲಿ ನನ್ನೆದುರು ಬಂದು ಕೂತರು. "ಮೇಡಂ, ನಂಗೊಂದು ಬಯೋಡೇಟಾ ಮಾಡ್ಕೊಡ್ತೀರಾ? ಈಗ ಎಲ್ಲಾ ಆನ್‌ಲೈನ್ ಅಂತಲ್ಲ. ನಂಗೆ ಎಂಗೆ ಅಂತ ತಿಳೀದು."

ಜಯಲಕ್ಷ್ಮಿಪುರಂನಲ್ಲಿ ಮಹಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು, ನಾನು ಮತ್ತು ನಮ್ಮಮ್ಮ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಾರ್ ಬಂದರು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟಿದ್ದರು. ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಪುಟದ ಬಯೋಡೇಟಾ ತೆಗೆದು, ಮೇಜಿನ ಧೂಳನ್ನು ಅಂಗೈಯಿಂದ ಒರೆಸಿ, ಅದರ ಮೇಲಿಟ್ಟರು. ಮೊದಲ ಪುಟದಲ್ಲಿ ತಂದೆಯ ಹೆಸರು, ಊರು, ಹೋಬಳಿ, ತಾಲ್ಲೂಕು, ಜಾತಿ, ವಿವಾಹಿತ, ಇಬ್ಬರು ಮಕ್ಕಳು. ಎರಡನೆಯ ಪುಟದ ತುಂಬ ಗೆರೆ ಎಳೆದ ಕೋಷ್ಟಕ. ಕೊನೆಯಲ್ಲಿ 'ಮೇಲಿನ ವಿವರಗಳೆಲ್ಲ ನಿಜವೆಂದು ಪ್ರಮಾಣೀಕರಿಸುತ್ತೇನೆ' ಎಂಬ ಇಂಗ್ಲಿಷ್ ಸಾಲು, ಸ್ಥಳ, ದಿನಾಂಕ, ಸಹಿ.

"ಸಾರ್, ಇದನ್ನ ಮೊದಲು ಓದೋದು ಮನುಷ್ಯರಲ್ಲ," ಎಂದೆ. "ಕಂಪ್ಯೂಟರ್ ಓದುತ್ತೆ. ಜಾಹೀರಾತಲ್ಲಿ ಅವರು ಯಾವ ಪದ ಬಳಸಿದಾರೋ ಆ ಪದ ಇದರಲ್ಲಿ ಸಿಕ್ಕಿದ್ರೆ ಮುಂದಕ್ಕೆ ಕಳಿಸುತ್ತೆ. ಈ ಗೆರೆ, ಕೋಷ್ಟಕ ಅದಕ್ಕೆ ಅರ್ಥ ಆಗಲ್ಲ."

"ಅಂದ್ರೆ ಲಿಟ್ಮಸ್ ಕಾಗದ. ಬಣ್ಣ ತಿರುಗಿದ್ರೆ ಒಳಕ್ಕೆ."

"ಹಾಗೇ ಅಂದ್ಕೊಳಿ."

ತಂದೆಯ ಹೆಸರು ತೆಗೆದೆ. ಹೋಬಳಿ ತೆಗೆದೆ. ಪಾಸಾದ ಇಸವಿಗಳನ್ನೂ ತೆಗೆಯೋಣ ಎಂದೆ, ಐವತ್ತಾರು ವಯಸ್ಸು ಮೊದಲ ಪುಟದಲ್ಲೇ ಕಾಣುವುದು ಬೇಡ ಎಂದು.

"ವಯಸ್ಸು ಬಚ್ಚಿಟ್ಟು ಓದ್ರೆ ತಲೆ ನೋಡಲ್ವಾ ಮೇಡಂ?"

"ತಲೆ ನೋಡೋ ಹೊತ್ತಿಗೆ ನೀವು ಅವರೆದುರು ಕೂತಿರ್ತೀರಿ. ಅಲ್ಲೀವರೆಗೆ ಹೋಗ್ಬೇಕಲ್ಲ."

ಅನುಭವದ ಕೆಳಗೆ 'ಪಾಠ ಮಾಡಿದ್ದೇನೆ' ಎಂದಷ್ಟೇ ಇತ್ತು. ಈಗ ಹಾಗೆ ಬರೆಯುವುದಿಲ್ಲ, ನಿಮ್ಮಿಂದ ಏನಾಯಿತು ಎಂದು ಬರೆಯಬೇಕು ಎಂದೆ. ಸಾರ್ ಸಂಕೋಚದಿಂದ ಕೇಳಿದರು: "ಅತ್ತೊಂಬತ್ತು ವರ್ಷದಲ್ಲಿ ನಮ್ ಲ್ಯಾಬಲ್ಲಿ ಒಂದು ಮಗೂಗೂ ಆಸಿಡ್ ಬಿದ್ದಿಲ್ಲ. ಅದನ್ನ ಆಕ್ಬೌದಾ?"

ಹಾಕಿದೆ. ಎಲ್ಲಕ್ಕಿಂತ ಮೇಲೆ ಹಾಕಿದೆ.

ಕೊನೆಯ ಪ್ರಮಾಣದ ಸಾಲನ್ನು ಅಳಿಸಲು ಹೋದಾಗ ಮಾತ್ರ ಕೈ ಅಡ್ಡ ತಂದರು. ಈಗ ಯಾರೂ ಹಾಕಲ್ಲ ಸಾರ್, ಜಾಗ ದಂಡ ಎಂದೆ. "ಅದೊಂದು ಇರ್ಲಿ ಬುಡಿ ಮೇಡಂ. ಮಿಕ್ಕಿದ್ದೆಲ್ಲ ನೀವು ಏಳ್ದಂಗೆ."

ಮುಂದಿನ ಭಾನುವಾರಗಳಲ್ಲಿ ಅದನ್ನು ಮೂರು ಥರ ಮಾಡಿದೆವು. ವಸತಿ ಶಾಲೆಗಳಿಗೊಂದು, ಆನ್‌ಲೈನ್ ಪಾಠದ ಕಂಪನಿಗಳಿಗೊಂದು, ಔಷಧಿ ಕಾರ್ಖಾನೆಯ ಪರೀಕ್ಷಾಲಯಗಳಿಗೊಂದು. ಕೆಲಸ ಹುಡುಕುವವರ ಜಾಲತಾಣದಲ್ಲಿ ಖಾತೆ ತೆರೆದೆವು. ಮೂರನ್ನೂ ಸಾಲಾಗಿ ಓದಿ ಸಾರ್ ಹೇಳಿದರು: "ಮೂರು ಜನ ಆದ್ರಲ್ಲ ಮೇಡಂ. ಇವ್ರಲ್ಲಿ ಯಾರ್ನ ಬಸ್ ಅತ್ತಿಸೋದು?" ಫೋಟೊಗೆ ನಮ್ಮ ಹಾಲ್‌ನ ಬಿಳಿ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಎಷ್ಟು ತೆಗೆದರೂ ಬಿಗಿದ ಮುಖ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮಮ್ಮ, "ಒಂಚೂರು ನಗಿ ಮೇಷ್ಟ್ರೇ, ಯಾರೋ ಹಿಡ್ಕೊಂಡ್ ಬಂದಂಗಿದೀರಿ," ಎಂದರು. ನಕ್ಕರು. ಆ ಫೋಟೊ ನಿಜಕ್ಕೂ ಚೆನ್ನಾಗಿ ಬಂತು.

ಎಲ್ಲ ಮುಗಿದ ಮೇಲೆ ಅವರ ಹೆಸರನ್ನು ಟೈಪ್ ಮಾಡಿ ಹುಡುಕಿ ನೋಡಿದೆವು, ಕೆಲಸ ಕೊಡುವವರೂ ಹಾಗೆಯೇ ನೋಡುತ್ತಾರಲ್ಲ ಎಂದು. ಮೊದಲು ಬಂದದ್ದು ಕೆಂಪು ಕನ್ನಡಕದ ರೀಲ್ಸ್. ನಾವು ಬರೆದದ್ದು ಅದರ ಕೆಳಗೆ, ಎಲ್ಲೋ.

"ಇದನ್ನ ತೆಗಿಯಕ್ಕಾಗುತ್ತಾ ಮೇಡಂ?"

ಆಗುತ್ತಿತ್ತು. ಕಾಲೇಜಿನ ಪುಟ ನನ್ನ ಕೈಯಲ್ಲೇ ಇತ್ತು, ಒಂದು ಗುಂಡಿ ಒತ್ತಿದರೆ ಸಾಕು. ಸೆಕ್ರೆಟರಿ ದಿನಾ ಬೆಳಿಗ್ಗೆ ಎಷ್ಟು ಜನ ನೋಡಿದರು ಎಂದು ನೋಡ್ತಾರೆ ಸಾರ್ ಎಂದೆ. "ಔದೌದು. ಬುಡಿ, ಬುಡಿ," ಎಂದು ತಾವೇ ನನ್ನನ್ನು ಸಮಾಧಾನಪಡಿಸಿದರು. ಒಂದು ಶಾಲೆಯವರು ವಿಡಿಯೊ ಸಂದರ್ಶನದಲ್ಲಿ, "ನೀವೇ ಅಲ್ವಾ ಡಾನ್ಸ್ ಮಾಡೋ ಮೇಷ್ಟ್ರು?" ಎಂದು ನಕ್ಕು, ಮತ್ತೇನೂ ಕೇಳದೆ ಮುಗಿಸಿದರಂತೆ. ಅದನ್ನೂ ನನಗೆ ನಗುತ್ತಲೇ ಹೇಳಿದರು.

ಆದರೂ ಒಂದು ಕಡೆಯಿಂದ ಕರೆ ಬಂತು. ಊರಾಚೆಯ ವಸತಿ ಶಾಲೆ. ಆಸಿಡ್ ಬಿದ್ದಿಲ್ಲ ಎಂಬ ಸಾಲನ್ನು ಓದಿಯೇ ಕರೆದೆವು ಎಂದರಂತೆ ಅಲ್ಲಿಯ ಪ್ರಾಂಶುಪಾಲರು. ಹದಿನೈದು ದಿನದಲ್ಲಿ ಮೂಲ ಅಂಕಪಟ್ಟಿಗಳೊಂದಿಗೆ ಬಂದು ಸೇರಿ ಎಂದು ಪತ್ರವನ್ನೂ ಕಳಿಸಿದರು.

ಸಾರ್ ಸೆಕ್ರೆಟರಿಯ ಕೋಣೆಗೆ ಹೋದರು. ಏನಾಯಿತೆಂದು ಹೊರಗೆ ಬಂದು ನನಗೆ ಹೇಳಿದರು. ಸೆಕ್ರೆಟರಿ ದನಿ ಎತ್ತಿರಲಿಲ್ಲ. ಕಾಫಿ ತರಿಸಿದ್ದರು. "ನೀವು ನಮ್ಮನೆಯವರಿದ್ದಂಗೆ ಸಾರ್. ಮನೆಯವರ ಕಾಗದ ಮನೇಲೇ ಇರ್ಬೇಕು. ಪರೀಕ್ಷೆ ಮುಗೀಲಿ, ನೋಡೋಣ," ಎಂದಿದ್ದರು. ಪರೀಕ್ಷೆಗೆ ಇನ್ನೂ ಐದು ತಿಂಗಳಿತ್ತು.

ಎರಡನೆಯ ಸಲ ಹೋದಾಗ ಬದಲಿ ಸಿಗಲಿ ಎಂದರು. ಮೂರನೆಯ ಸಲ ಮೀಟಿಂಗಿನಲ್ಲಿದ್ದಾರೆ ಎಂದು ಹೊರಗೆ ಕೂರಿಸಿದರು.

ಅಂಕಪಟ್ಟಿಗಳ ಎರಡನೇ ಪ್ರತಿಗೆ ಅರ್ಜಿ ಹಾಕಬಹುದು ಎಂದು ನಾನೇ ಸೂಚಿಸಿದೆ. ಅದಕ್ಕೆ ಮೂಲಪ್ರತಿ ಕಳೆದುಹೋಗಿದೆ ಎಂದು ಪೊಲೀಸರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕಿತ್ತು. ದೂರನ್ನೂ ನಾನೇ ಬರೆದೆ: 'ದಿನಾಂಕ ಇಂಥಾದ್ದರಂದು ಬಸ್ಸಿನಲ್ಲಿ ಪ್ರಯಾಣಿಸುವಾಗ ನನ್ನ ಅಂಕಪಟ್ಟಿಗಳಿದ್ದ ಚೀಲ ಕಳೆದುಹೋಗಿರುತ್ತದೆ.' ಠಾಣೆಗೆ ಜೊತೆಯಲ್ಲಿ ಹೋದೆ. ಮಧ್ಯಾಹ್ನದ ಹೊತ್ತು, ಜನ ಇರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಒಳ್ಳೆಯ ಮನುಷ್ಯ, ಮೇಷ್ಟ್ರು ಎಂದು ಗೊತ್ತಾದ ಮೇಲೆ ಕುರ್ಚಿ ಹಾಕಿಸಿದರು. ಅರ್ಜಿಯನ್ನು ಓದಿ ಪೆನ್ನು ತೆಗೆದರು.

"ಎಲ್ಲಿ ಕಳೀತು ಸಾರ್? ಯಾವ ಬಸ್ಸು?"

ಸಾರ್ ಎರಡೂ ಕೈಯನ್ನು ತೊಡೆಯ ಮೇಲಿಟ್ಟು ಕೂತಿದ್ದರು. ನಾನು ಬಸ್ಸಿನ ನಂಬರು ಹೇಳಲು ಬಾಯಿ ತೆರೆದೆ.

"ಕಳೆದಿಲ್ಲ ಸಾರ್," ಎಂದರು. "ಎಲ್ಲಿ ಅದೆ ಅಂತ ನಂಗೆ ಗೊತ್ತು. ಬೀರುವಲ್ಲಿ ಅದೆ. ಮೇಲಿಂದ ಎರಡನೇ ಖಾನೆ."

ಕಾನ್‌ಸ್ಟೇಬಲ್ ನನ್ನ ಮುಖ ನೋಡಿದರು, ಅವರ ಮುಖ ನೋಡಿದರು. "ಹಂಗಾದ್ರೆ ಇದು ಕಳೆದುಹೋಗಿದ್ದು ಅಂತ ಬರಲ್ವಲ್ಲ ಮೇಷ್ಟ್ರೇ."

"ಬರಲ್ಲ. ಬೀರುವಲ್ಲಿ ಅದೆ, ಕೊಡ್ತಿಲ್ಲ ಅಂತ ಬರ್ಕೊತೀರಾ?"

"ಬರ್ಕೊಬೋದು. ಆದ್ರೆ ಯಾರು ಅಂತ ಹೆಸ್ರು ಹಾಕಿ ಕೊಡ್ಬೇಕು. ಆಮೇಲೆ ಅವ್ರನ್ನ ಕರೆಸ್ತೀವಿ. ಕೊಡ್ತೀರಾ?"

ಮಗಳ ಓದು ಮುಗಿಯಲು ಇನ್ನೂ ಒಂದು ವರ್ಷವಿತ್ತು. ಹೆಸರು ಹಾಕಿ ಕೊಟ್ಟ ಮರುದಿನ ಇದ್ದ ಕೆಲಸವೂ ಇರುವುದಿಲ್ಲ ಎಂಬುದು ಕುರ್ಚಿಯ ಮೇಲಿದ್ದ ಮೂವರಿಗೂ ತಿಳಿದಿತ್ತು. ಸಾರ್ ಅರ್ಜಿಯನ್ನು ವಾಪಸು ತೆಗೆದುಕೊಂಡು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟರು. ಹೊರಗೆ ಬಂದಾಗ ನನಗೆ ಸಿಟ್ಟು ಬಂದಿತ್ತು. ಒಂದು ಸಣ್ಣ ಸುಳ್ಳಿಗೆ ಯಾಕೆ ಹಿಂಜರಿದಿರಿ ಎಂದು ಕೇಳಿಯೇಬಿಟ್ಟೆ. "ತಪ್ಪು ತಿಳ್ಕೊಬೇಡಿ ಮೇಡಂ. ಬಾಯ್ತನಕ ಬಂತು. ಓದಿದ್ನೇ ಓದಿಲ್ಲ ಅಂದಂಗೆ ಅನ್ನುಸ್ತು," ಎಂದರು.

ಹದಿನೈದು ದಿನ ಕಳೆಯಿತು. ವಸತಿ ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು. ಸಾರ್ ಎಂದಿನಂತೆ ಬಂದು ಎಂದಿನಂತೆ ಪಾಠ ಮಾಡಿದರು. ಮಧ್ಯಾಹ್ನ ಬುತ್ತಿ ಬಿಚ್ಚಿ, ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಮರೆತು ಕೂತಿರುವುದನ್ನು ಒಂದೆರಡು ಸಲ ನೋಡಿದೆ. ಮನೆಗೆ ಬರುವುದನ್ನು ನಿಲ್ಲಿಸಿದರು. ಪಬ್ಲಿಕ್ ಪರೀಕ್ಷೆ ಮುಗಿದ ಮೇಲೆ, ಸೆಕ್ರೆಟರಿಯೇ ಕೊಟ್ಟ ಗಡುವು ಅದು, ಮತ್ತೊಮ್ಮೆ ಹೋಗಿ ಕೇಳಿದರು. ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು.

ಆ ಶನಿವಾರ ಸಂಜೆ ಅವರ ಖಾತೆಯಲ್ಲಿ ಒಂದು ಬರಹ ಕಾಣಿಸಿಕೊಂಡಿತು. ನನ್ನನ್ನು ಕೇಳದೆ ಅವರೇ ಬರೆದದ್ದು, ಕನ್ನಡದಲ್ಲಿ. 'ನಾನು ಇಪ್ಪತ್ತು ವರ್ಷಕ್ಕೆ ಹತ್ತಿರವಾಗಿ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಕೆಲಸ ಹುಡುಕುತ್ತಿದ್ದೇನೆ. ನನ್ನ ಮೂಲ ಅಂಕಪಟ್ಟಿಗಳು ನಾನು ಕೆಲಸ ಮಾಡುವ ಕಡೆ ಬೀರುವಿನಲ್ಲಿವೆ. ಕೇಳಿದರೂ ಕೊಟ್ಟಿಲ್ಲ. ಅವಿಲ್ಲದೆ ನನ್ನನ್ನು ತೆಗೆದುಕೊಳ್ಳುವವರಿದ್ದರೆ ತಿಳಿಸಿ. ಮೇಲಿನ ವಿವರಗಳೆಲ್ಲ ನಿಜ.' ಕಾಲೇಜಿನ ಹೆಸರು ಎಲ್ಲೂ ಇರಲಿಲ್ಲ.

ನಾನು ಕೂಡಲೇ ಫೋನ್ ಮಾಡಿ, "ತೆಗೆದುಬಿಡಿ ಸಾರ್, ಕೈಮುಗಿತೀನಿ," ಎಂದೆ. "ಇದ್ದಿದ್ದೇ ಬರ್ದಿದೀನಲ್ಲ ಮೇಡಂ," ಎಂದರು. ಭಾನುವಾರ ಬೆಳಗಾಗುವಷ್ಟರಲ್ಲಿ ಅದರ ಕೆಳಗೆ ಬೇರೆ ಬೇರೆ ಊರಿನ ಮೇಷ್ಟ್ರುಗಳು ಬರೆಯತೊಡಗಿದ್ದರು. ನನ್ನದೂ. ನನ್ನದೂ. ನನ್ನ ಹೆಂಡತಿಯದೂ. ನಮ್ಮ ಕಾಲೇಜಿನವರೇ ಇಬ್ಬರು ಬರೆದಿದ್ದರು. ನಾನೂ 'ನನ್ನದೂ' ಎಂದು ಬರೆದೆ. ಬರೆದು, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ಒಳಕೋಣೆಯಲ್ಲಿ ನಮ್ಮಮ್ಮ ಮಾತ್ರೆಯ ಹಾಳೆ ಹರಿಯುವ ಸದ್ದು ಕೇಳುತ್ತ ಕೂತಿದ್ದೆ. ಒಂದೊಂದೇ ಅಕ್ಷರ ಅಳಿಸಿದೆ.

ಸೋಮವಾರ ಸೆಕ್ರೆಟರಿ ಸಾರ್ ಅವರನ್ನು ಕರೆಸಿ ಕಂದು ಲಕೋಟೆಯನ್ನು ಕೈಗೆ ಕೊಟ್ಟರು. ಕೊಟ್ಟುಬಿಡಿ ಎಂದು ಕಾಲೇಜಿನ ವಕೀಲರು ಹೇಳಿದ್ದರಂತೆ. ಜೊತೆಗೆ ನಿಮ್ಮ ಸೇವೆ ಇನ್ನು ಬೇಕಿಲ್ಲ ಎಂಬ ಪತ್ರ. ಅನುಭವದ ಪ್ರಮಾಣಪತ್ರ ಕೇಳಿದ್ದಕ್ಕೆ ಅದು ಕೊಡುವವರ ಇಷ್ಟ ಎಂದರಂತೆ. ಸ್ಟಾಫ್ ರೂಮಿಗೆ ಬಂದು ಕೋಟನ್ನು ಚೀಲದಲ್ಲಿ ಹಾಕಿಕೊಂಡರು. "ಕಾಗ್ದ ಬಂತು ಮೇಡಂ. ಕಾಗ್ದದ ಪ್ರಕಾರ ಇಷ್ಟು ವರ್ಷ ನಾನು ಏನೂ ಮಾಡಿಲ್ಲ," ಎಂದರು. ಯಾರೂ ಬಾಗಿಲವರೆಗೆ ಹೋಗಲಿಲ್ಲ. ನಾನೂ.

ಆ ಮಧ್ಯಾಹ್ನವೇ ಸೆಕ್ರೆಟರಿ ನನ್ನನ್ನು ಕರೆದರು. ಕಾಲೇಜಿನ ಪುಟದಲ್ಲಿ ಒಂದು ಪ್ರಕಟಣೆ ಹಾಕಬೇಕು, ಇವರಿಗೂ ಸಂಸ್ಥೆಗೂ ಇನ್ನು ಸಂಬಂಧವಿಲ್ಲ, ಸಾರ್ವಜನಿಕರು ಇವರೊಡನೆ ವ್ಯವಹರಿಸಿದರೆ ನಾವು ಹೊಣೆಯಲ್ಲ ಎಂದು. "ನೀವು ಚೆನ್ನಾಗಿ ಬರೀತೀರಿ. ಫೋಟೊನೂ ಹಾಕಿ, ಅವ್ರ ಖಾತೇಲೇ ಒಳ್ಳೇದೊಂದಿದೆ." ಅವರ ಕುರ್ಚಿಯ ಹಿಂದೆ ಬೀರು ಇತ್ತು. ನಾನು ಬರೆದೆ. ನಮ್ಮ ಹಾಲ್‌ನ ಬಿಳಿ ಗೋಡೆಯ ಮುಂದೆ, ನಮ್ಮಮ್ಮನ ಮಾತಿಗೆ ನಕ್ಕ ಫೋಟೊ ಹಾಕಿದೆ. ವ್ಯಾಕರಣದ ಒಂದು ತಪ್ಪೂ ಇರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಅವರ ಫೋನ್ ಬಂತು. ಎತ್ತದೆ ಇರಲು ಧೈರ್ಯ ಬರಲಿಲ್ಲ.

"ಮೇಡಂ, ಊಟ ಆಯ್ತಾ? ಆ ಪ್ರಕಟಣೆ ನೋಡ್ದೆ. ಒಂದು ತಪ್ಪಾಗದೆ. ಅದಿನೆಂಟು ವರ್ಷ ಸೇವೆ ಅಂತ ಆಕಿದೀರಿ. ಅತ್ತೊಂಬತ್ತು. ಅದೊಂದು ತಿದ್ದುಬುಡಿ. ಈಗ ಸೇವೆ ಮಾಡಿದ್ದೆ ಅನ್ನಕ್ಕೆ ನಂತಾವ ಇರೋದು ಅದೊಂದೇ."

ತಿದ್ದುತ್ತೇನೆ ಎಂದೆ. ಅವರೇ ಮುಂದುವರಿಸಿದರು: "ನಿಮ್ದೂ ಅಲ್ಲೇ ಅದೆ. ನಂಗೊತ್ತು ಬುಡಿ. ಅಮ್ಮನ್ನ ಕೇಳ್ದೆ ಅನ್ನಿ." ಆಮೇಲೆ ನಾವಿಬ್ಬರೂ ಮಾತಾಡಿಲ್ಲ.

ಅವರ ಮುಂದಿನ ಬದುಕನ್ನು ನಾನು ಅವರ ಖಾತೆಯಲ್ಲಿ ಕದ್ದು ನೋಡಿ ತಿಳಿದುಕೊಂಡೆ. ಒಂದು ವರ್ಷದ ಹತ್ತಿರ ಕೆಲಸವಿರಲಿಲ್ಲ. ಆ ದಿನಗಳಲ್ಲಿ ಅವರು ಬಯೋಡೇಟಾವನ್ನು ಮತ್ತೆ ಬದಲಿಸಿದರು, ಈ ಸಲ ಯಾರ ಸಹಾಯವೂ ಇಲ್ಲದೆ. ಮೂರು ಜನರನ್ನು ತೆಗೆದು ಒಬ್ಬರನ್ನೇ ಉಳಿಸಿದ್ದರು. ತಂದೆಯ ಹೆಸರು ವಾಪಸು ಬಂದಿತ್ತು. ಅನುಭವದ ಪ್ರಮಾಣಪತ್ರ ಇರಬೇಕಾದ ಜಾಗದಲ್ಲಿ, ಕೇಳಿಕೊಂಡರೋ ತಾವಾಗಿ ಬಂದರೋ ತಿಳಿಯದು, ಹಳೆಯ ವಿದ್ಯಾರ್ಥಿಗಳು ಬರೆದಿದ್ದರು. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿರುವ ಹುಡುಗಿಯೊಬ್ಬಳು, ಬಾಟಲಿಯನ್ನು ಮೂಗಿಗೆ ಹಿಡಿಯದೆ ಅಂಗೈಯಲ್ಲಿ ಗಾಳಿ ಬೀಸಿ ವಾಸನೆ ನೋಡುವುದನ್ನು ಸಾರ್ ಹೇಗೆ ಕಲಿಸಿದರೆಂದು ಬರೆದಿದ್ದಳು. ಉದಯಗಿರಿಯ ಬ್ಯಾಟರಿ ಅಂಗಡಿಯವನೊಬ್ಬ, 'ನಾನು ಪಿಯುಸಿ ಫೇಲು, ಆದ್ರೆ ಆಸಿಡ್ ಹತ್ರ ಹೆಂಗಿರಬೇಕು ಅಂತ ಕಲ್ತಿದ್ದು ಇವರ ಹತ್ರ. ನನ್ನ ಕೈ ನೋಡಿ, ಸರಿಯಾಗಿದೆ,' ಎಂದು ಬರೆದು ತನ್ನ ಅಂಗೈಯ ಫೋಟೊ ಹಾಕಿದ್ದ. ಕೆ.ಆರ್. ನಗರದ ಕಡೆಯ ಆ ಶಾಲೆಯವರು ಇದನ್ನೆಲ್ಲ ಓದಿ ತೆಗೆದುಕೊಂಡರಂತೆ. ದಿನಾ ರೈಲಿನಲ್ಲಿ ಹೋಗಿಬಂದು, ಅಲ್ಲೇ ಅರವತ್ತು ತುಂಬಿಸಿದರು.

ನಾನು ಇಲ್ಲೇ ಇದ್ದೇನೆ. ಬೀರುವಿಗೆ ಹೊಸ ಬಣ್ಣ ಹೊಡೆಸಿದ್ದಾರೆ.

ಈ ಜೂನ್‌ನಲ್ಲಿ ಕೆಮಿಸ್ಟ್ರಿಗೆ ಹೊಸಬಳು ಬಂದಳು. ಹುಣಸೂರು ಕಡೆಯವಳು, ಮೊದಲ ಕೆಲಸ. ಸೆಕ್ರೆಟರಿ ಕರೆಯಲೆಂದು ಕಾಯುತ್ತ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂತಿದ್ದಳು. ಮಡಿಲಲ್ಲಿ ಫೈಲು, ಅದರೊಳಗೆ ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ ಹಾಕಿದ ಅಂಕಪಟ್ಟಿಗಳು. ಸುತ್ತ ಯಾರೂ ಇಲ್ಲವೆಂದು ನೋಡಿ ಹೇಳಿದೆ: "ಒರಿಜಿನಲ್ ಊರಲ್ಲಿದೆ, ಅಪ್ಪ ಸಾಲಕ್ಕೆ ಅಂತ ಬ್ಯಾಂಕಿಗೆ ಕೊಟ್ಟಿದಾರೆ ಅಂತ ಹೇಳಮ್ಮ. ಜೆರಾಕ್ಸ್ ಮಾತ್ರ ಕೊಡು."

ಸಾರ್ ಆಗಿದ್ದರೆ ಹೀಗೊಂದು ಸುಳ್ಳು ಹೇಳಿಕೊಡುತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇದೊಂದೇ.

ಅವಳು ನನ್ನನ್ನೇ ನೋಡಿದಳು. ಫೈಲನ್ನು ಚೀಲದೊಳಗೆ ತಳ್ಳಿ ಜಿಪ್ ಎಳೆದಳು. ಆಮೇಲೆ ಮೆಲ್ಲಗೆ ಕೇಳಿದಳು: "ನಿಮ್ದು ಮೇಡಂ?"

"ನಂದು ಒಳಗಿದೆ ಕಣಮ್ಮ," ಎಂದೆ.